ಜ್ವರಕ್ಕೆ ಕೂತ ಡಬ್ಬಿ

ರೌಟರ್ ಕೊಳ್ಳಲು ಚನ್ನಪಟ್ಟಣದ ಬಸ್ಸು ಹತ್ತುವ ಮುಂಚೆಯೇ ನನ್ನ ಗಂಡನಿಗೆ ಮೂರು ಸಲ ಹೇಳಿದ್ದೆ, ನನಗೆ ಬೇಕಾಗಿರುವುದು ತಂತಿ ಅಂತ. ಗಡಿಯಾರ ಇಟ್ಟುಕೊಂಡು ಆಡುವ ಚೆಸ್ಸಿಗೆ ಗಾಳಿಯಲ್ಲಿ ಬರುವ ಇಂಟರ್ನೆಟ್ಟು ನಂಬಿಕೆಗಿಲ್ಲ, ನಡುವೆ ತಪ್ಪಿದಷ್ಟು ಹೊತ್ತೂ ನನ್ನ ಸಮಯವೇ ಹೋಗುತ್ತದೆ ಅಂತ. ಆದರೆ ದೇವರಾಜು ಬಿಡದಿಯ ಕಾರ್ಖಾನೆಯೊಂದರ ಕ್ವಾಲಿಟಿ ಸೆಕ್ಷನ್ನಿನಲ್ಲಿದ್ದಾರೆ. ಹಾಗಾಗಿ ಲೋಕದ ಯಾವ ಯಂತ್ರದ ವಿಷಯದಲ್ಲೂ ಅವರಿಗೆ ಯಾರೂ ಏನೂ ಹೇಳುವ ಹಾಗಿಲ್ಲ. ಗಫಾರ್ ಅನ್ನುವವರ ಕಂಪ್ಯೂಟರ್ ಅಂಗಡಿಯಲ್ಲಿ ರೌಟರ್ ಡಬ್ಬಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಕೊಂಬಿನ ಹಾಗೆ ಎರಡು ಆಂಟೆನಾ ಇದ್ದದ್ದನ್ನು ಎತ್ತಿಕೊಂಡರು. ಒಂದು ಕೊಂಬಿಗಿಂತ ಎರಡು ಕೊಂಬು ಜೋರು, ಅಷ್ಟೇ ಅವರ ಲೆಕ್ಕ. ಮೇಡಂ ಹೇಳಿದ್ದೇ ಸರಿ, ಆಟಕ್ಕೆ ತಂತಿಯೇ ವಾಸಿ ಅಂತ ಪಾಪ ಗಫಾರ್ ಅಂದರು. ಇವರು ನಕ್ಕುಬಿಟ್ಟರು. ನಾನು ಹದಿನೈದು ಮೀಟರ್ ತಂತಿಯ ಸುರುಳಿಯೊಂದನ್ನು ಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಕನಕಪುರದ ಕಾಲೇಜಿನಲ್ಲಿದ್ದಾಗ ಚೆಸ್ಸಿನಲ್ಲಿ ನಾನು ಜಿಲ್ಲೆಗೆ ಎರಡನೆಯವಳು. ಮದುವೆಯಾಗಿ ಅಕ್ಕೂರಿಗೆ ಬಂದು ಆರು ವರ್ಷವಾಗಿತ್ತು, ಒಬ್ಬ ಮನುಷ್ಯನ ಎದುರೂ ಕೂತು ಒಂದು ಆಟ ಆಡಿರಲಿಲ್ಲ. ಆ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ಮೈಸೂರಿನ ಚೆಸ್ ಕ್ಲಬ್ಬೊಂದು ತಿಂಗಳಿಗೊಮ್ಮೆ ಹೆಂಗಸರಿಗಾಗಿ ಇಂಟರ್ನೆಟ್ಟಿನಲ್ಲಿ ಪಂದ್ಯ ನಡೆಸುತ್ತಿತ್ತು. ಪ್ರತಿ ಸಲವೂ ಮೊದಲ ನಾಲ್ವರನ್ನು ಮೈಸೂರಿಗೆ ಕರೆದು, ಎದುರುಬದುರು ಕೂರಿಸಿ ಆಡಿಸುತ್ತಿದ್ದರು. ನನಗೆ ಅದು ಬೇಕಿತ್ತು. ಹಬ್ಬಕ್ಕೆ ಸೀರೆ ಬೇಕು ಅನ್ನುವ ಹಾಗಲ್ಲ, ಹಸಿದಾಗ ಅನ್ನ ಬೇಕು ಅನ್ನುವ ಹಾಗೆ ಬೇಕಿತ್ತು.

ಇಂಟರ್ನೆಟ್ಟು ಬರುವುದು ಫೋನಿನ ತಂತಿಯಲ್ಲಿ, ನಮ್ಮ ಮನೆಯ ಫೋನಿರುವುದು ನಡುಮನೆಯ ಗೋಡೆಯಲ್ಲಿ. ರೇಷ್ಮೆ ಹುಳ ತಂದರೆ ಆ ನಡುಮನೆಯೇ ಹುಳದ ಮನೆ, ನೆಲದಿಂದ ಸೂರಿನವರೆಗೂ ತಟ್ಟೆಗಳು. ಡಬ್ಬಿಯನ್ನು ಫೋನಿನ ಪಕ್ಕದ ಗೋಡೆಗೂಡಿನಲ್ಲೇ ಇಡಬೇಕಾಯಿತು. ನನ್ನ ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿ, ನಡುವೆ ಎರಡಡಿ ದಪ್ಪದ ಮಣ್ಣಿನ ಗೋಡೆ. ದೇವರಾಜು ಮೂರು ಸಂಜೆ ಆ ಕೊಂಬುಗಳನ್ನು ಪೂರ್ವಕ್ಕೆ, ಪಶ್ಚಿಮಕ್ಕೆ, ಸೂರಿಗೆ ತಿರುಗಿಸಿದರು. ನಾನು ಈಚೆಯಿಂದ ಇಲ್ಲ, ಬಂತು, ಹೋಯಿತು ಅಂತ ಕೂಗುತ್ತಾ ಗಂಟಲು ಕಟ್ಟಿಸಿಕೊಂಡೆ. ಕೊನೆಗೆ ಅವರು ಕೊಟ್ಟ ತೀರ್ಪು, ಸಿಗ್ನಲ್ಲು ಚೆನ್ನಾಗಿದೆ, ನಿನ್ನ ಕಂಪ್ಯೂಟರಿಗೆ ತಗೊಳ್ಳುವ ಯೋಗ್ಯತೆ ಇಲ್ಲ ಅಂತ. ಮೈಯೆಲ್ಲ ಉರಿದುಹೋಯಿತು.

ಗಫಾರ್ ಅವರಿಗೆ ಫೋನು ಮಾಡಿದೆ. ಮಾರನೆಯ ದಿನವೇ ಸನಾವುಲ್ಲಾ ಅನ್ನುವ ಮೆಕ್ಯಾನಿಕ್ಕನ್ನು ಕಳಿಸಿದರು. ನಮ್ಮತ್ತೆ ಶಿವಲಿಂಗಮ್ಮ ಅವನನ್ನು ಹೊಸ್ತಿಲಲ್ಲೇ ತಡೆದು, ಮೂಗರಳಿಸಿ, ಬೀಡಿ ಸೇದಿದ್ದಾನೆ, ಆ ವಾಸನೆ ಹುಳಕ್ಕಾಗದು ಅಂತ ವಾಪಸ್ಸು ಕಳಿಸಿಬಿಟ್ಟರು. ಅವತ್ತು ಹುಳಕ್ಕೆ ಮೂರನೇ ಜ್ವರ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಒಂದು ದಿನ ಸೊಪ್ಪು ತಿನ್ನದೆ, ತಲೆಯೆತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಮುಟ್ಟಬಾರದು, ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಬಿಟ್ಟುಬಿಡಬೇಕು. ಪೊರೆ ಕಳಚಿ ಎದ್ದ ಹುಳಕ್ಕೆ ಮುಂಚಿಗಿಂತ ಎರಡರಷ್ಟು ಹಸಿವು. ಆ ಒಂದು ದಿನ ಹೊರಗಿನವರಿಗಂತೂ ನಮ್ಮ ಮನೆಯಲ್ಲಿ ಪ್ರವೇಶವೇ ಇಲ್ಲ.

ಸರಿ, ಇನ್ನು ಯಾರನ್ನು ಕಾಯುವುದು? ಹುಳ ಜ್ವರದಿಂದ ಎದ್ದ ಮೇಲೆ ನಾನೇ ಮೊಳೆ ಹೊಡೆದು, ಬಾಗಿಲ ಸಂದಿಯಿಂದ ತಂತಿ ಎಳೆದೆ. ಡಬ್ಬಿಯ ಜೊತೆ ಬಂದ ಪುಸ್ತಕ ಓದಿ, ಪಾಸ್‌ವರ್ಡು ನಾಲ್ಕು ಸಲ ತಪ್ಪು ಒತ್ತಿ, ಐದನೆಯ ಸಲಕ್ಕೆ ಸರಿಮಾಡಿದೆ. ಹಸಿರು ದೀಪಗಳು ಹತ್ತಿದವು. ನಾನು ಇಲ್ಲಿ ಒತ್ತಿದರೆ ಕಾಯಿ ಅಲ್ಲಿ ತಟಕ್ಕನೆ ನಡೆಯಿತು. ಎರಡು ದಿನ ಪರೀಕ್ಷೆ ಮಾಡಿದೆ, ಒಂದು ಸಲವೂ ತಪ್ಪಲಿಲ್ಲ. ನೋಡಿದ್ಯಾ ಎರಡು ಕೊಂಬಿನ ತಾಕತ್ತು, ಅಂದರು ದೇವರಾಜು.

ಪಂದ್ಯ ಭಾನುವಾರ ಮಧ್ಯಾಹ್ನ. ದೇವರಾಜು ಓವರ್‌ಟೈಮಿಗೆ ಹೋಗಿದ್ದರು. ಅವತ್ತೇ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು, ಹಾಗಾಗಿ ಸೊಪ್ಪು ತರುವ ಕೆಲಸವಿಲ್ಲ, ನನಗೆ ಬಿಡುವು. ಒಟ್ಟು ಐದು ಆಟ. ಮೊದಲ ನಾಲ್ಕರಲ್ಲಿ ಮೂರು ಗೆದ್ದೆ. ಐದನೆಯದು ಗೆದ್ದರೆ ಮೈಸೂರು. ಎದುರಿನವಳು ಧಾರವಾಡದ ಯಾರೋ. ಇಪ್ಪತ್ತನೆಯ ನಡೆಗೆ ಅವಳ ಆನೆ ಹೊಡೆದೆ. ನನ್ನ ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷವಿತ್ತು. ಮಂತ್ರಿಯನ್ನು ಎತ್ತಿ ಇಟ್ಟೆ. ಅದು ಹೋದಂತೆ ಮಾಡಿ ವಾಪಸ್ಸು ತನ್ನ ಮನೆಗೇ ಬಂದು ನಿಂತಿತು. ಮತ್ತೆ ಇಟ್ಟೆ, ಮತ್ತೆ ಬಂತು. ತಂತಿ ಅಲುಗಿಸಿ ನೋಡಿ, ನಡುಮನೆಗೆ ಓಡಿದೆ.

ಡಬ್ಬಿಯಲ್ಲಿ ಒಂದೂ ದೀಪವಿರಲಿಲ್ಲ. ಅದರ ಮೇಲೆ ತೆಳ್ಳಗೆ ಸುಣ್ಣದ ಪುಡಿ. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಸುಣ್ಣದ ಬಟ್ಟೆಗಂಟು.

"ಮೈ ಸುಡ್ತಿತ್ತು ಕಣವ್ವ. ತಲೆ ಎತ್ಕಂಡು ಕೂತಿತ್ತು. ಇದೂ ಜ್ವರಕ್ಕೆ ಕೂತೈತೆ ಅಂತ ಕರೆಂಟು ತೆಗ್ದೆ. ಒಸಿ ಹೊತ್ತು ಬುಟ್ರೆ ಎದ್ದೇಳ್ತದೆ."

ಸ್ವಿಚ್ಚು ಹಾಕಿದೆ. ಆ ಹಾಳು ಡಬ್ಬಿ ಎದ್ದು, ಒಂದೊಂದೇ ದೀಪ ಹೊತ್ತಿಸಿಕೊಂಡು, ಲೋಕಕ್ಕೆ ಸೇರಲು ಮೂರು ನಿಮಿಷ ತಗೊಂಡಿತು. ನಾನು ಕೋಣೆಗೆ ಹೋಗುವಷ್ಟರಲ್ಲಿ ನನ್ನ ಸಮಯ ಮುಗಿದಿತ್ತು. ಪಟ್ಟಿಯಲ್ಲಿ ನನ್ನ ಹೆಸರು ಐದನೆಯದು.

ಅವತ್ತಿನವರೆಗೂ ಅತ್ತೆಗೆ ಎದುರಾಡಿದವಳಲ್ಲ. ಅವತ್ತು ತಡೆಯಲಾಗಲಿಲ್ಲ.

"ನಿಮ್ ಹುಳ ಜ್ವರಕ್ಕೆ ಕೂತ್ರೆ ನಾನು ಕೆಮ್ಮಾಕೂ ಹೆದರ್ತೀನಿ ಅತ್ತೆ. ಒಂದು ಮಧ್ಯಾಹ್ನ ನನ್ನ ಆಟ ಮುಟ್ದೆ ಇರಾಕಾಗ್ಲಿಲ್ವಾ ನಿಮ್ಗೆ?"

ಅತ್ತೆ ನನ್ನ ಮುಖವನ್ನೇ ನೋಡಿದರು.

"ಆಟವಾ? ಇದು ರೇಷ್ಮೆ ಗೂಡಿನ ರೇಟು ನೋಡಾಕೆ ಅಂದಿದ್ನಲ್ಲ ನಿನ್ ಗಂಡ. ಮಾರ್ಕೆಟ್ಟು ಬೆಳಗ್ಗೇನೇ ಮುಗ್ದೋಯ್ತದೆ. ಮೂರು ಗಂಟೆಗೆ ಯಾವ ರೇಟು ಐತೆ ಅಂತ ಸುಮ್ನೆ ಉರೀಬೇಕು ಇದು?"

ಗಂಡ ಅನ್ನುವ ಪ್ರಾಣಿಯ ಮೇಲೆ ನನಗೆ ಬಂದ ಸಿಟ್ಟನ್ನು ಬರೆದರೆ ಕಾಗದ ಹತ್ತಿಕೊಂಡೀತು. ಸಂಜೆ ಫ್ಯಾಕ್ಟರಿ ಬಸ್ಸಿಳಿದು ಬಂದವರನ್ನು ಜಗಲಿಯಲ್ಲೇ ನಿಲ್ಲಿಸಿ ಕೇಳಿದೆ. ಸೊಸೆ ಹಾಡುಹಗಲೇ ಕೂತು ಆಟ ಆಡುತ್ತಾಳೆ ಅಂದರೆ ಅಮ್ಮ ಏನು ಅಂದುಕೊಳ್ಳುತ್ತೋ ಅಂತ ಹಾಗೆ ಹೇಳಿದ್ದರಂತೆ. ಅಮ್ಮ ಬೈಯುತ್ತೆ ಅಂತ ಹೆದರಿ, ನನ್ನ ಒಂದು ಆಸೆಯನ್ನು ಗೂಡಿನ ರೇಟು ಅಂತ ಕರೆದುಬಿಟ್ಟಿದ್ದರು. ಇದೆಲ್ಲ ಕೇಳಿಸಿಕೊಂಡಿದ್ದ ಅತ್ತೆ, ನಾನು ಒಳಗೆ ಹೋದಾಗ, ಸೆರಗಿನಿಂದ ಡಬ್ಬಿಯ ಮೇಲಿನ ಸುಣ್ಣ ಒರೆಸುತ್ತಾ ನನ್ನನ್ನು ಕೇಳಿದರು.

"ಗೆಲ್ತಿದ್ಯಾ?"

"ಗೆಲ್ತಿದ್ದೆ ಅತ್ತೆ."

ಅವರು ಒರೆಸಿದ್ದನ್ನೇ ಮತ್ತೆ ಒರೆಸಿದರು.

ಮುಂದಿನ ತಿಂಗಳ ಪಂದ್ಯಕ್ಕೆ ಮನೆಯಲ್ಲಿ ಹುಳವಿರಲಿಲ್ಲ, ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟಿದ್ದೆವು. ಆದರೂ ಅತ್ತೆ ಊಟ ಮುಗಿಸಿ ಬಂದು ಡಬ್ಬಿಯ ಪಕ್ಕ, ನನ್ನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಕಿಕೊಂಡು ಕೂತರು. ಬೀಸಣಿಗೆಯಿಂದ ಒಂದು ಸಲ ತಮಗೆ, ಒಂದು ಸಲ ಡಬ್ಬಿಗೆ ಬೀಸುತ್ತಿದ್ದರು. ಮತ್ತೆ ಐದನೆಯ ಆಟ, ಮತ್ತೆ ಅದನ್ನು ಗೆದ್ದರೆ ಮೈಸೂರು. ಅಷ್ಟರಲ್ಲಿ ರಜೆಯಲ್ಲಿದ್ದ ದೇವರಾಜು ಬಂದರು. ಕೊಂಬು ಸ್ವಲ್ಪ ಎಡಕ್ಕೆ ತಿರುಗಿಸಿದರೆ ಇನ್ನೂ ಚೆನ್ನಾಗಿ ಬರುತ್ತದೆ ಅನ್ನುತ್ತಾ ಕೈ ಚಾಚಿದರು ಅಂತ ಕಾಣುತ್ತದೆ. ಬೀಸಣಿಗೆಯ ಏಟು ಬಿದ್ದ ಸದ್ದು ಕೇಳಿಸಿತು.

"ಲೇ ದೇವ, ಮುಟ್ಬ್ಯಾಡ," ಅಂದರು ಅತ್ತೆ, ಹುಳದ ಮನೆಯಲ್ಲಿ ಆಡುವ ಮೆಲುದನಿಯಲ್ಲಿ. "ಆಚೆಗೋಗು. ಅವ್ಳು ಜ್ವರಕ್ಕೆ ಕೂತವ್ಳೆ."

ಪರದೆ ಮಂಜುಮಂಜಾಯಿತು. ಕಣ್ಣೊರೆಸಿಕೊಳ್ಳಲು ಗಡಿಯಾರ ಬಿಡಲಿಲ್ಲ. ಕುದುರೆಯನ್ನು ಎತ್ತಿ, ಎದುರಿನವಳ ರಾಜನ ಪಕ್ಕಕ್ಕೆ ಇಟ್ಟೆ. ಅದು ಇಟ್ಟಲ್ಲೇ ನಿಂತಿತು.