ಬೆರಳಿನ ಹಿಂದೆ ಬಂದ ಸ್ವರ

ನೃತ್ಯಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಿಯಾನೊ ನುಡಿಸಿದ ಅಕ್ಕನ ಎಡಗೈಗೆ ಚಳಿಗಾಲದಲ್ಲಿ ಲಕ್ವ ಹೊಡೆದಿತ್ತು. ಈಗ ಕೈ ಸರಿಹೋಗಿದೆ ಎಂದರು ವೈದ್ಯರು. ವೈದ್ಯರು ಹೇಳಿದರೆ ಸಾಕೇ, ಸ್ವರ ಹೇಳಬೇಡವೇ? ಮರಳಿ ಬರುತ್ತೀರಾ ಎಂದು ಶಾಲೆಯವರು ಕೇಳಿದ್ದರು. ಸಂಜೆಯೊಳಗೆ ಉತ್ತರ ಕೊಡಬೇಕಿತ್ತು.

ಮನೆಯಲ್ಲಿ ಪಿಯಾನೊ ಇರಲಿಲ್ಲ. ರೇಡಿಯೊ ರಿಪೇರಿ ಮಾಡುವ ತಮ್ಮ ಎಲ್ಲಿಂದಲೋ ಒಂದು ಮಿಡಿ ಕೀಬೋರ್ಡ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದ. ಅದಕ್ಕೆ ಸ್ವಂತ ದನಿಯಿಲ್ಲ. ಯಾವ ಕೀ ಒತ್ತಿದರೆಂದು ಕಂಪ್ಯೂಟರಿನ ಬಳಿ ಚಾಡಿ ಹೇಳುವುದಷ್ಟೇ ಅದರ ಕೆಲಸ, ಹಾಡುವುದು ಕಂಪ್ಯೂಟರು.

ಮಧ್ಯಾಹ್ನದ ಬಿಸಿಲು ಕೀಗಳ ಮೇಲೆ ತೂಕಡಿಸುತ್ತಿತ್ತು. ಅಕ್ಕ ಒಂದು ಕೀ ಒತ್ತಿದಳು. ಬೆರಳು ಮೇಲೆದ್ದಾದ ಮೇಲೆ ಸ್ವರ ಬಂತು, ಆಚೆ ಕೋಣೆಯಲ್ಲಿ ಯಾರೋ ನಿದ್ದೆಗಣ್ಣಿನಲ್ಲಿ ನುಡಿಸಿದಂತೆ. ಎರಡೂ ಕೈಯಲ್ಲಿ ನುಡಿಸಿ ನೋಡಿದಳು. ಹಾಡು ಅವಳ ಹಿಂದೆ ಹಿಂದೆ ಬಂತು. ಕೈ ನಿಂತರೂ ತಾನೊಂದೇ ಒಂದು ಗಳಿಗೆ ನಡೆಯಿತು. ಕೇಳಲು ಹಿತವಾಗಿಯೇ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

"ಮುಗೀತು ಕಣೋ, ಕೈ ಹೋಯ್ತು. ಬರಲ್ಲ ಅಂತ ಹೇಳಿಬಿಡು."

"ಬಲಗೈನೂ ಹಿಂದೆ ಬೀಳ್ತಿದೆಯಲ್ಲಕ್ಕ, ಅದಕ್ಕೇನಾಗಿತ್ತು?"

ಅಕ್ಕ ತಬ್ಬಿಬ್ಬಾದಳು. ಆರು ತಿಂಗಳಿಂದ ಎಡಗೈಯನ್ನೇ ಕಳ್ಳನಂತೆ ಕಾಯುತ್ತಿದ್ದವಳು ಬಲಗೈಯನ್ನು ಮರೆತೇಬಿಟ್ಟಿದ್ದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಿನ್ನದು ಉಲ್ಟಾ, ನೆಲ ಡೊಂಕಿದ್ರೂ ಕಾಲನ್ನೇ ಬೈತೀಯ," ಎಂದ ತಮ್ಮ. "ಈ ಕಂಪ್ಯೂಟರ್ ಮಹಾರಾಯ ಸ್ವರಾನ ಕೂಡಿಹಾಕಿಕೊಂಡು ಆಮೇಲೆ ಬಿಡ್ತಿದ್ದಾನೆ, ಅಷ್ಟೇ."

ಸ್ವರವನ್ನು ಎಷ್ಟು ಹೊತ್ತು ಕೂಡಿಹಾಕಬೇಕೆಂಬ ಅಂಕಿಯನ್ನು ಪರದೆಯ ಮೇಲೆ ಇಳಿಸಿದ. ಸ್ವರ ಕರಕರ ಎಂದಿತು. ಒಂಚೂರು ಏರಿಸಿದ.

ಈಗ ಬೆರಳು ತಾಗಿದ್ದೇ ತಡ, ಸ್ವರ. ಅಕ್ಕನ ಕಣ್ಣು ತುಂಬಿತು. ಬಲಗೈ ಹಳೆಯ ಬಲಗೈಯೇ. ಎಡಗೈಯೂ ಬಂತು, ಕೂದಲೆಳೆಯಷ್ಟು ತಡವಾಗಿ.

ತಮ್ಮ ಮತ್ತೆ ಮೌಸ್ ಹಿಡಿದ.

"ಮುಟ್ಟಬೇಡ. ಇಷ್ಟು ತಡ ನನ್ನದೇ."

ಅವಳು ಮೊದಲಿಂದ ಶುರುಮಾಡಿದಳು, ನಿಧಾನವಾಗಿ, ಎಡಗೈ ಬರುವ ತನಕ ಬಲಗೈಯನ್ನು ತಡೆದು ನಿಲ್ಲಿಸಿಕೊಂಡು. ಹಾಡು ಅದಕ್ಕೂ ಒಪ್ಪಿಕೊಂಡಿತು. ಹೊರಗೆ ಬೀದಿಯಿದೆ, ಸಂಜೆಯಾಗುತ್ತಿದೆ ಎಂಬುದೇ ಅವಳಿಗೆ ನೆನಪಿರಲಿಲ್ಲ.

"ಫೋನ್ ಮಾಡು," ಎಂದಳು ಕೊನೆಗೆ. "ಬರ್ತಾಳಂತೆ ಅನ್ನು. ದೊಡ್ಡೋರ ತರಗತಿ ಬೇಡ. ಇನ್ನೂ ಹೆಜ್ಜೆ ಹುಡುಕ್ತಿರೋರನ್ನ ಕೊಡಲಿ. ಒಬ್ಬರಿಗೊಬ್ಬರು ಕಾಯ್ಕೋತೀವಿ."