ಹಾದಿಮನಿ ಅಕ್ಕೋರ ಪ್ಯಾಡು

ನಾನು ಒಂದು ಪ್ಯಾಡು. ಪರೀಕ್ಷೆಗೆ ಹೊರಟ ಮಕ್ಕಳು ಎದೆಗವಚಿಕೊಂಡು ಹೋಗುತ್ತಾರಲ್ಲ, ತಲೆಯ ಮೇಲೊಂದು ಕಬ್ಬಿಣದ ಕ್ಲಿಪ್ಪು ಇರುವ ಗಟ್ಟಿ ರಟ್ಟು, ಅದೇ ನಾನು. ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಕೊಯ್ದು, ಮೂಲೆ ಉಜ್ಜಿ, ಕ್ಲಿಪ್ಪು ಬಡಿದರು. ಬಡಿದವನಿಗೆ ಊಟದ ಅವಸರವಿತ್ತೇನೋ, ಕ್ಲಿಪ್ಪು ತುಸು ಸೊಟ್ಟಗೆ ಕೂತಿತು. ಅದೊಂದೇ ಕಾರಣಕ್ಕೆ ಧಾರವಾಡದ ಅಂಗಡಿಯಲ್ಲಿ ನನ್ನ ಜೊತೆಯವರೆಲ್ಲ ಖರ್ಚಾದರೂ ನಾನು ಎರಡು ವರ್ಷ ಧೂಳು ತಿನ್ನುತ್ತ ಉಳಿದೆ.

ಕೊನೆಗೆ ನನ್ನನ್ನು ಕೊಂಡವರು ಶಿವಬಸಪ್ಪ ಹಾದಿಮನಿ. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವರು. ಸೊಟ್ಟ ಕಂಡರೆ ಸಹಿಸದ ಕಣ್ಣು ಅವರದು, ಆದರೂ ನನ್ನನ್ನೇ ಎತ್ತಿಕೊಂಡರು. ಮಗಳು ನೀಲಾಂಬಿಕಾ ಮರುದಿನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವವಳಿದ್ದಳು, ಅಂಗಡಿಯಲ್ಲಿ ಬೇರೆ ಪ್ಯಾಡೇ ಇರಲಿಲ್ಲ.

ಆ ಹುಡುಗಿ ಒತ್ತಿ ಬರೆಯುವವಳು. ಒಂದು ಹಾಳೆ ಬರೆದರೆ ನನ್ನ ಮೈಮೇಲೂ ಅಷ್ಟೇ ಅಕ್ಷರ ಮೂಡುತ್ತಿದ್ದವು. ಪಿಯುಸಿ, ಬಿಎ, ಎಂಎ ಎಲ್ಲವನ್ನೂ ನನ್ನ ಮೇಲೇ ಬರೆದಳು. ಕೆಳಗಿನಿಂದ ನೋಡುವ ನನಗೆ ಮನುಷ್ಯರ ಗದ್ದ ಚೆನ್ನಾಗಿ ಗೊತ್ತು. ಉತ್ತರ ತಿಳಿಯದಾಗ ಉಳಿದವರ ಗದ್ದ ಆಚೀಚೆ ತಿರುಗುತ್ತದೆ, ಇವಳದು ತಿರುಗುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು.

ಮುಂದೆ ಅವಳು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದಳು, ಡಾಕ್ಟರೇಟ್ ಪಡೆದಳು. ಯಾವ ಮಕ್ಕಳು ಶಾಲೆಗೆ ಬರುತ್ತಾರೆ, ಯಾರು ಬರುವುದಿಲ್ಲ, ಸರ್ಕಾರ ಕೊಡುವ ಊಟ, ಹಾಸ್ಟೆಲ್ಲು, ಪಿಂಚಣಿ ಯಾರಿಗೆ ಮುಟ್ಟುತ್ತವೆ ಎಂದು ಮನೆಮನೆಗೆ ಹೋಗಿ ಕೇಳುವುದೇ ಅವಳ ಸಂಶೋಧನೆ. ಕುರ್ಚಿ ಕೊಟ್ಟರೂ ಕೂರದೆ ನೆಲದ ಮೇಲೆ ಕೂತು, ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದಳು. ಹಳ್ಳಿಯ ಹೆಂಗಸರು ಅವಳನ್ನು ಶಾಲೆಯ ಟೀಚರನ್ನು ಕರೆದ ಹಾಗೆ ಅಕ್ಕೋರು ಎಂದು ಕರೆದರು. ಅಂದಿನಿಂದ ನಾನೂ ಅವಳನ್ನು ಬಿಟ್ಟು ಅವರು ಎನ್ನತೊಡಗಿದೆ.

ಅಕ್ಕೋರದು ಒಂದು ವಿಚಿತ್ರ ಪದ್ಧತಿ. ವರದಿ ಬರೆದು ಕೊಟ್ಟ ಮೇಲೆ ಅದೇ ಊರಿಗೆ ತಿರುಗಿ ಹೋಗಿ, ಜನರನ್ನು ಸೇರಿಸಿ, ನಿಮ್ಮ ಬಗ್ಗೆ ಹೀಗೆ ಬರೆದಿದ್ದೇನೆ ಎಂದು ಓದಿ ಹೇಳುವುದು. ಹಾದಿಮನಿಯವರ ಪುರಾಣ ಪ್ರವಚನ ಹೊರಟಿತು ಎಂದು ವಿಭಾಗದಲ್ಲಿ ನಗುತ್ತಿದ್ದರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಹಾವೇರಿ ಕಡೆಯ ಮೆಣಸಿನಕಾಯಿ ಸೀಮೆಯಲ್ಲಿ ಅವರು ತಮ್ಮ ವಿದ್ಯಾರ್ಥಿ ಹುಡುಗರಿಂದ ಹೆಣ್ಣುಮಕ್ಕಳ ಓದಿನ ಬಗ್ಗೆ ದೊಡ್ಡ ಸಮೀಕ್ಷೆ ಮಾಡಿಸಿದ್ದರು. ನೂರಕ್ಕೆ ತೊಂಬತ್ನಾಲ್ಕು ಹುಡುಗಿಯರು ಶಾಲೆಗೆ ಹೋಗುತ್ತಿದ್ದಾರೆ ಎಂದು ವರದಿ ಹೇಳಿತು. ಇಲಾಖೆಯವರಿಗೆ ಹಿಗ್ಗೋ ಹಿಗ್ಗು. ಎಲ್ಲರೂ ಊರಲ್ಲೇ ಓದುತ್ತಿರುವಾಗ ತಾಲ್ಲೂಕಿನಲ್ಲಿ ಹುಡುಗಿಯರ ಉಚಿತ ಹಾಸ್ಟೆಲ್ ಯಾಕೆ, ಮುಚ್ಚೋಣ ಎಂದು ಸಭೆಗೆ ದಿನಾಂಕವನ್ನೂ ಗೊತ್ತು ಮಾಡಿದರು. ಅಕ್ಕೋರ ಪ್ರೊಫೆಸರ್ ಹುದ್ದೆಯ ಸಂದರ್ಶನ ಅದರ ಮುಂದಿನ ತಿಂಗಳು, ಈ ವರದಿಯೇ ಅವರ ದೊಡ್ಡ ಬಲ.

ಸಭೆಗೆ ಇನ್ನು ಹತ್ತು ದಿನವಿದ್ದಾಗ ಪದ್ಧತಿಯಂತೆ ಒಂದು ಊರಿಗೆ ಹೋದೆವು. ದೀಪ ಹಚ್ಚುವ ಹೊತ್ತಿಗೆ ಶಾಲೆಯ ಮುಂದೆ ಜನ ಸೇರಿದರು. ಅಕ್ಕೋರು ನನ್ನನ್ನು ಎತ್ತಿ ಹಿಡಿದು ಓದಿದರು. ಓದಿ ಮುಗಿದ ಮೇಲೆ ಹಿಂದುಗಡೆಯಿಂದ ಗುತ್ತೆವ್ವ ಎಂಬ ಹೆಂಗಸು ಎದ್ದು ನಿಂತಳು. ಬೆರಳುಗಳು ಮೆಣಸಿನಕಾಯಿಯ ಉರಿಗೆ ಕೆಂಪಾಗಿದ್ದವು.

"ಅಕ್ಕೋರ, ಈಗ ಓದಿದ್ದು ಯಾವೂರಿಂದ್ರೀ?" ಎಂದಳು.

ಜನ ನಕ್ಕರು. ಅಕ್ಕೋರು ಇದೇ ಊರಿಂದು ಅಂದರು.

"ನಮ್ಮ ಓಣ್ಯಾಗ ಹನ್ನೊಂದು ಹುಡುಗ್ಯಾರದಾರ್ರೀ. ಒಬ್ಬಾಕಿನೂ ಸಾಲಿಗೆ ಹೋಗಂಗಿಲ್ಲ. ನಿಮ್ಮ ಹುಡುಗ್ರು ಬರೂದು ಹೊತ್ತೇರಿದ ಮ್ಯಾಲೆ. ನಾವು ನಸಕಿನ್ಯಾಗ ಮಕ್ಕಳನ್ನ ಕಟಗೊಂಡು, ಮನಿಗೆ ಕೀಲಿ ಹಾಕಿ, ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗಿರ್ತೀವಿ. ನಮ್ಮನ್ನ ಯಾರು ಕೇಳ್ಯಾರ?"

ಎತ್ತಿ ಹಿಡಿದಿದ್ದ ನನ್ನನ್ನು ಅಕ್ಕೋರು ಕೆಳಗಿಳಿಸಿದರು. ಪ್ರತಿ ಐದನೆಯ ಮನೆಗೆ ಹೋಗಿ ಕೇಳಬೇಕು, ಆ ಮನೆಗೆ ಬೀಗವಿದ್ದರೆ ಪಕ್ಕದ ಮನೆಗೆ ಹೋಗಬೇಕು ಎಂಬ ಸೂಚನೆಯನ್ನು ನನ್ನ ಮೇಲೆ ಹಾಳೆಯಿಟ್ಟು ಬರೆದವರು ಅಕ್ಕೋರೇ. ಕೆಲಸ ಸಲೀಸಾಗಲಿ ಎಂದು ಎಲ್ಲ ಸಂಶೋಧಕರೂ ಹಾಗೆಯೇ ಬರೆಯುತ್ತಾರೆ. ಬಿಸಿಲೇರುವ ಹೊತ್ತಿಗೆ ಬಾಗಿಲು ತೆರೆದಿರುವುದು ಮನೆಯಲ್ಲಿ ಕೂತು ಉಣ್ಣುವಷ್ಟು ಇದ್ದವರದು. ಅವರ ಮಕ್ಕಳು ಶಾಲೆಗೆ ಹೋಗೇ ಹೋಗುತ್ತಾರೆ.

ಅಕ್ಕೋರು ಅಂದೇ ಆ ಊರಲ್ಲಿ ಉಳಿದರು. ಹುಡುಗರನ್ನೂ ಕರೆಸಿಕೊಂಡು, ಮರುದಿನದಿಂದ ಬೆಳಗಿನ ಐದಕ್ಕೆ, ಸಂಜೆ ಏಳಕ್ಕೆ, ಸಮೀಕ್ಷೆಯ ಊರೂರಿನಲ್ಲೂ ಬಿಟ್ಟುಹೋದ ಮನೆಗಳ ಬಾಗಿಲು ತಟ್ಟಿದರು. ಹೊಸ ಲೆಕ್ಕದಲ್ಲಿ ತೊಂಬತ್ನಾಲ್ಕು ಇಳಿದು ಅರವತ್ತೊಂಬತ್ತಾಯಿತು.

ವಿಭಾಗದ ಮುಖ್ಯಸ್ಥರು ದೇಸಾಯಿ ಎಂಬವರು, ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಬುದ್ಧಿ ಹೇಳಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಹುದ್ದೆ ಕೈಗೆ ಬರಲಿ, ಬರುವ ವರ್ಷ ಹೊಸ ಸಮೀಕ್ಷೆ ಅಂತ ಈ ಸಂಖ್ಯೆ ಕೊಡಿ, ಯಾರಿಗೂ ತಿಳಿಯುವುದಿಲ್ಲ ಎಂದರು.

"ಬರೂ ವರ್ಷಕ್ಕ ಹಾಸ್ಟೆಲ್ಲೇ ಇರಂಗಿಲ್ಲಲ್ರೀ ಸರ್" ಎಂದರು ಅಕ್ಕೋರು.

ಇಲಾಖೆಗೆ ಪತ್ರವನ್ನು ನನ್ನ ಮೇಲೇ ಬರೆದರು. ಅವರಿಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ಸಲ ಹಾಳೆ ಹರಿದರು. ನಾಲ್ಕನೆಯ ಸಲ, ಈ ವರದಿಯ ಮುಖ್ಯ ಸಂಖ್ಯೆ ತಪ್ಪು, ತಪ್ಪು ನನ್ನದು, ಮನೆಮನೆಗೆ ಹೋದ ಹುಡುಗರದಲ್ಲ ಎಂದು ಎಂದಿನಂತೆ ಒತ್ತಿ ಬರೆದರು. ಬೆಂಗಳೂರಿನ ಸಭೆಗೂ ನನ್ನನ್ನು ಒಯ್ದರು. ಒಬ್ಬ ದೊಡ್ಡ ಅಧಿಕಾರಿ ವ್ಯಂಗ್ಯವಾಗಿ, ಮೇಡಂ, ಹೋದ ತಿಂಗಳ ನಿಮ್ಮನ್ನು ನಂಬೋಣವೋ ಈ ತಿಂಗಳ ನಿಮ್ಮನ್ನೋ ಎಂದು ಕೇಳಿದರು. ಸಭೆ ನಕ್ಕಿತು. ನನಗೆ ಕೋಪ ಬಂತು, ರಟ್ಟಿನ ಕೋಪ ಯಾರಿಗೆ ಕಾಣಬೇಕು.

"ನನ್ನನ್ನ ನಂಬೂದು ಬ್ಯಾಡ್ರಿ. ನಾಳೆ ಬೆಳಿಗ್ಗೆ ಐದಕ್ಕ ಆ ಊರಿಗೆ ನಡೀರಿ, ನಾನೂ ಬರ್ತೇನಿ" ಎಂದರು ಅಕ್ಕೋರು.

ಯಾರೂ ಹೋಗಲಿಲ್ಲ, ಆದರೆ ಹಾಸ್ಟೆಲ್ಲನ್ನೂ ಮುಚ್ಚಲಿಲ್ಲ. ಪ್ರೊಫೆಸರ್ ಹುದ್ದೆ ಬೇರೆಯವರಿಗೆ ಹೋಯಿತು. ಅಕ್ಕೋರಿಗೆ ಅದು ಸಿಕ್ಕಿದ್ದು ಏಳು ವರ್ಷದ ಮೇಲೆ. ಅಷ್ಟರಲ್ಲಿ ಅವರ ಸೂಚನೆ ಬದಲಾಗಿತ್ತು: ಬೀಗವಿದ್ದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಲೇಬೇಕು. ಬೇರೆ ವಿಶ್ವವಿದ್ಯಾಲಯದವರೂ ಅದನ್ನು ಗೊಣಗುತ್ತಲೇ ಪಾಲಿಸತೊಡಗಿದರು.

ಈಗ ನನಗೆ ವಯಸ್ಸಾಗಿದೆ. ಅಂಚು ಪದರ ಬಿಚ್ಚಿದೆ, ಸ್ಪ್ರಿಂಗು ಸಡಿಲಾಗಿದೆ. ಈಗಿನವರು ಮೊಬೈಲಿನಲ್ಲೇ ಬರೆದುಕೊಳ್ಳುವುದರಿಂದ ನನ್ನಂಥವರಿಗೆ ಕೆಲಸವೂ ಇಲ್ಲ. ಅಕ್ಕೋರ ಕೊನೆಯ ಶಿಷ್ಯೆ ಫರ್ಜಾನಾ ನದಾಫಳ ಕಪಾಟಿನಲ್ಲಿ ಪುಸ್ತಕಗಳ ನಡುವೆ ಒರಗಿದ್ದೇನೆ. ನಿವೃತ್ತಿಯ ಬೀಳ್ಕೊಡುಗೆಯ ದಿನ ವಿಭಾಗದವರು ಅಕ್ಕೋರ ಆರು ಪುಸ್ತಕ, ನಲವತ್ತೊಂದು ಲೇಖನಗಳ ಹೆಸರು ಓದಿದರು, ಆ ತಪ್ಪು ವರದಿಯ ಹೆಸರು ಓದಲಿಲ್ಲ. ಅದನ್ನು ಅಕ್ಕೋರು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಕೈಗೆ ಕೊಟ್ಟು, ತಪ್ಪು ಹುಡುಕಿ ಎನ್ನುತ್ತಿದ್ದರು. ಮಕ್ಕಳು ಕೂಡಿಸಿ, ಗುಣಿಸಿ ಸುಸ್ತಾಗುತ್ತಿದ್ದರು, ಯಾರಿಗೂ ಸಿಗುತ್ತಿರಲಿಲ್ಲ.

ಕೊನೆಯ ವರ್ಷ ಫರ್ಜಾನಾ ಲೆಕ್ಕವನ್ನೇ ಮಾಡಲಿಲ್ಲ. ಸೂಚನೆಯ ಪುಟ ಓದಿ ತಲೆ ಎತ್ತಿದಳು.

"ಮ್ಯಾಡಂ, ನಮ್ಮವ್ವ ಹಗಲೆಲ್ಲಾ ಗಾದಿ ಹೊಲ್ಯಾಕ ಹೋಗ್ತಿದ್ಲು, ನನ್ನೂ ಕರಕೊಂಡು. ನೀವು ಬಂದಿದ್ರ ನಮ್ಮನಿ ಬಿಟ್ಟು ಮುಂದ ಹೋಗಿರ್ತಿದ್ರಿ."

ಅಕ್ಕೋರು ಶಹಬ್ಬಾಸ್ ಎನ್ನಲಿಲ್ಲ. ನನಗೆ ಹೊಸ ಹಾಳೆ ಸಿಕ್ಕಿಸಿ, ನಿಮ್ಮವ್ವ ಎಷ್ಟಕ್ಕ ಮನಿಗೆ ಬರ್ತಿದ್ರು ಎಂದು ಕೇಳಿದರು. ಎಂಟಾಗ್ತಿತ್ತು ಎಂದಳು ಫರ್ಜಾನಾ. ಏಳಕ್ಕೆ ತಟ್ಟಿದರೂ ಸಾಲದು ಎಂದಾಯಿತು. ಮರುವಾರ ನಿವೃತ್ತರಾಗುವವರಿದ್ದ ಅಕ್ಕೋರು 'ಎಂಟು ಗಂಟೆ' ಎಂದು ಒತ್ತಿ ಬರೆದುಕೊಂಡು, ಹಾಳೆ ತೆಗೆಯದೆ ನನ್ನನ್ನು ಆ ಹುಡುಗಿಯ ಕೈಗೆ ಕೊಟ್ಟರು.