ಅರ್ಥ ಹೇಳುವವನ ಮಣ್ಣು

ಚಟ್ಟದ ಹಿಂದಿನ ಬಿದಿರಿಗೆ ಕೇಶಪ್ಪ ಕೈ ಹಾಕಿದ್ದೇ ತಡ, ಗಂಗೀಬಾಯಿ ಅವನ ಮುಂಗೈ ಹಿಡಿದು ಕಿತ್ತು ತೆಗೆದಳು.

"ಕೈ ತಗಿ."

"ತಂಗೀ, ಒಂದ ಹೆಗಲು ಕೊಡ್ತೇನಿ..."

"ನಾ ಯಾರ ತಂಗಿ? ಕೈ ತಗಿ ಅಂದೆ."

ಗೋವಾದ ವಾಸ್ಕೋ ಹತ್ತಿರದ ಸಡಾ ಗುಡ್ಡದ ಓಣಿ ಇಕ್ಕಟ್ಟಿನದು. ಚಟ್ಟ ಹೊತ್ತವರು ಅಡ್ಡಡ್ಡ ತಿರುಗಿದರಷ್ಟೇ ಹೊರಗೆ ಬರಲು ಸಾಧ್ಯ. ಹಾಗೆ ತಿರುಗುತ್ತಿದ್ದಾಗಲೇ ಇದು ನಡೆಯಿತು. ಬಿದಿರು ಒಂದು ಗಳಿಗೆ ಹೆಗಲಿಲ್ಲದೆ ತೂಗಿತು. ಮೈಬೂಬಸಾಬ ನುಗ್ಗಿ ಬಂದು ಅದರ ಕೆಳಗೆ ಹೆಗಲಿಟ್ಟ. ಚಟ್ಟದ ಮೇಲಿದ್ದ ಲೋಕಪ್ಪ ಅವನ ಜೊತೆಗಾರ. ಬಂದರಿನಲ್ಲಿ ಅದಿರು ತುಂಬುವ ಕೆಲಸಕ್ಕೆ ಇಬ್ಬರೂ ಬಿಜಾಪುರ ಸೀಮೆಯಿಂದ ಒಂದೇ ಗಾಡಿಯಲ್ಲಿ ಬಂದಿದ್ದರು. ಗಂಗೀಬಾಯಿ ಲೋಕಪ್ಪನ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ.

"ಮಣ್ಣಿನ ದಿನ ಸಿಟ್ಟ ಮಾಡಬ್ಯಾಡ, ಗಂಗೀ," ಎಂದು ನೆರೆಮನೆಯ ಥಾವರಿಬಾಯಿ ಅವಳ ತೋಳು ಹಿಡಿದಳು. "ಅಂವನೂ ನಿಮ್ಮ ಊರಾಂವ. ಮಣ್ಣ ಕೊಡಾಕ ಬಂದಾನ."

"ಇವತ್ತ ಸಿಟ್ಟ ಮಾಡಲಿಲ್ಲಂದ್ರ ಯಾವತ್ತ ಮಾಡ್ಲಿ? ನಾಳಿಗೆ ಇಷ್ಟ ಮಂದಿ ಎಲ್ಲಿ ಸಿಗತಾರ ನನಗ?"

ಚಟ್ಟ ಮುಂದೆ ಸಾಗಿತು. ಕೇಶಪ್ಪ ಇಸ್ತ್ರಿಯ ಬಿಳಿ ಅಂಗಿಯ ತೋಳು ಸರಿಪಡಿಸಿಕೊಂಡು ಎಲ್ಲರಿಗಿಂತ ಹಿಂದೆ ನಡೆದ.

*

ಎಂಬತ್ತೈದನೇ ಇಸವಿಯಲ್ಲಿ ಲೋಕಪ್ಪನ ಊರಿನ ಗೆಳೆಯ ಕೇಶಪ್ಪ ಸಡಾದಲ್ಲಿ ತಗಡಿನ ಶೆಡ್ಡು ಹಾಕಿ, ಟೀವಿ, ವಿಸಿಆರ್ ಇಟ್ಟು ಪಿಕ್ಚರು ತೋರಿಸತೊಡಗಿದ್ದ. ಒಂದು ಸಲ ವಾಸ್ಕೋದಿಂದ ತಂದ ಕ್ಯಾಸೆಟ್ಟು ಇಂಗ್ಲಿಷಿನದಾಗಿತ್ತು. ಗುಡ್ಡ, ಗವಿ, ಮೊಸಳೆ ತುಂಬಿದ ಹೊಳೆ, ಹೊಳೆಯ ಮೇಲೊಂದು ಹಗ್ಗ. ಮಾತು ಒಬ್ಬನಿಗೂ ತಿಳಿಯಲಿಲ್ಲ. ಗದ್ದಲವೆದ್ದಿತು. ಹಿಂದಿನಿಂದ ಯಾರೋ ಕೂಗಿದರು:

"ಲೋಕಪ್ಪನ್ನ ಎಬ್ಬಸ್ರೋ! ಅರ್ಥ ಹೇಳ್ಲಿ!"

ಶ್ರಾವಣದಲ್ಲಿ ಸಡಾದ ಗುಡಿಯಲ್ಲಿ ಪುರಾಣ ಹಚ್ಚಿದರೆ ಪರಮೇಶಪ್ಪ ಪದ್ಯ ಓದುತ್ತಿದ್ದ, ಲೋಕಪ್ಪ ಅರ್ಥ ಹೇಳುತ್ತಿದ್ದ. ಲೋಕಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಊರಿನಲ್ಲಿ ಅಪ್ಪ ಅರ್ಥ ಹೇಳುವಾಗ ಪಕ್ಕದಲ್ಲಿ ಕೂತು ಕಿವಿಯಿಂದಲೇ ಕಲಿತಿದ್ದ. ಪದ್ಯ ನಿಂತಲ್ಲಿ ಅವನ ಮಾತು ಏಳುತ್ತಿತ್ತು. ಕೇಳುತ್ತ ಕೂತ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಳ್ಳುತ್ತಿದ್ದರು.

ಅಂದು ಅವನು ಟೀವಿಯ ಮಗ್ಗುಲಿಗೆ ಬಂದು, ಗುಡಿಯಲ್ಲಿ ಮಾಡುವಂತೆಯೇ ಮೊದಲು ಕೈಮುಗಿದ.

"ಕೇಳ್ರಪಾ ದೈವದವರ. ಈ ಟೊಪಿಗಿ ಹಾಕ್ಕೊಂಡಾಂವ ಧರ್ಮಣ್ಣ. ಬಾಜೂಕ ಕೆಂಪ ಕೂದಲಿನಾಂವ ಅದಾನಲ್ಲ, ಅಂವ ಕೆಂಚಪ್ಪ. ಇಬ್ಬರೂ ಒಂದ ತಾಟಿನ್ಯಾಗ ಉಂಡವರು. ಖರೇ, ಕೆಂಚಪ್ಪನ ಕಣ್ಣ ನೋಡ್ರಿ, ಕಣ್ಣ!"

ಎಲ್ಲರೂ ಕೆಂಚಪ್ಪನ ಕಣ್ಣು ನೋಡಿದರು. ಕಡೆಗೆ ಧರ್ಮಣ್ಣ ಹಗ್ಗದ ಮೇಲೆ ಹೊಳೆ ದಾಟುತ್ತಿದ್ದಾಗ ಕೆಂಚಪ್ಪ ಹಗ್ಗ ಕೊಯ್ದೇ ಬಿಟ್ಟ. ಬಂಡೆಯ ಅಂಚಿನಲ್ಲಿ ಒಂದು ಕೈ ಮಾತ್ರ ಕಾಣಿಸಿತು. ಅಲ್ಲಿಗೆ ಪಿಕ್ಚರು ಮುಗಿಯಿತು.

"ಮುಂದ?"

"ಎರಡನೇ ಭಾಗ ಬರತೈತಂತ," ಎಂದ ಕೇಶಪ್ಪ.

"ಬರೂತನಕಾ ಅಂವ ಹಂಗ ಜೋತಾಡಬೇಕೇನ?" ಎಂದು ಮೈಬೂಬಸಾಬ ಕೇಳಿದ.

ಎಲ್ಲರೂ ಲೋಕಪ್ಪನ ಕಡೆ ತಿರುಗಿದರು. ಲೋಕಪ್ಪ ಕಣ್ಣು ಮುಚ್ಚಿದ. ಆಮೇಲೆ ಬಂಡೆ ಹಿಡಿದ ಆ ಕೈಯನ್ನು ತನ್ನ ಮಾತಿನಿಂದಲೇ ಮೇಲಕ್ಕೆ ಹತ್ತಿಸಿದ.

ಹಾಗೆ ಶುರುವಾದ ಕತೆ ವರ್ಷಗಟ್ಟಲೆ ನಡೆಯಿತು. ಕ್ಯಾಸೆಟ್ಟು ಸವೆದು ಗೆರೆ ಗೆರೆ ಬಂದರೂ ಜನ ಕೇಶಪ್ಪನ ಶೆಡ್ಡಿಗೆ ಬರುತ್ತಿದ್ದುದು ಟೀವಿ ಆರಿಸಿದ ಮೇಲಿನ ಆ ಅರ್ಥಕ್ಕಾಗಿ. ಪುರಾಣದ ಅರ್ಥ ಹೇಳುವವನು ಪದ್ಯದಲ್ಲಿ ಇಲ್ಲದ್ದನ್ನು ಹೇಳುವುದಿಲ್ಲ. ಇದೂ ಎಲ್ಲೋ ಬರೆದಿಟ್ಟದ್ದೇ ಇರಬೇಕೆಂದು ಸಡಾ ನಂಬಿತು. ಲೋಕಪ್ಪನೂ ನಂಬಿದ್ದನೇನೋ.

*

ಇಳಿಜಾರಿನ ತಿರುವಿನಲ್ಲಿ ಚಟ್ಟ ಇಳಿಸಿ ಹೆಗಲು ಬದಲಿಸಿದರು. ಕೆಳಗೆ ಬಂದರಿನಲ್ಲಿ ಹಡಗೊಂದು ಅದಿರಿನ ಕೆಂಪು ಧೂಳು ಮೆತ್ತಿಕೊಂಡು ನಿಂತಿತ್ತು. ಬೀಡಿ ಹಚ್ಚಿದ ಗಂಡಸರಲ್ಲಿ ಮಾತು ತಾನಾಗಿ ಆ ಪಿಕ್ಚರಿಗೇ ಬಂತು.

"ಏನರೆ ಅನ್ರಿ, ಎರಡನೇದರಾಗ ವಿಮಾನದ ಸೀನ ಚಲೋ ಇತ್ತು," ಎಂದ ಬಂದರಿನ ಹಮಾಲ ನಾನಪ್ಪ. "ಮೊಸಳೀನೂ ಮೊದಲಿನಕಿಂತ ದೊಡ್ಡದಿತ್ತು."

"ದೊಡ್ಡದಿದ್ರ ಏನ ಮಾಡೂದಲೇ?" ಎಂದ ಮೈಬೂಬಸಾಬ. "ಒಬ್ಬರನ್ನೂ ತಿನ್ನಲಿಲ್ಲ ಅದು. ಬಾಯಿ ತಕ್ಕೊಂಡ ಬಂತು, ಹಂಗ ಹೊಳ್ಳಿ ಹೋತು, ಇಲೆಕ್ಷನ್ನಿಗೆ ನಿಂತವರಂಗ."

ಇಬ್ಬರು ಮೂವರು ನಕ್ಕರು. ಥಾವರಿಬಾಯಿ ಕಣ್ಣು ಕೆಕ್ಕರಿಸಿದಳು. ನಗು ನಿಂತಿತು.

"ಲೋಕಪ್ಪ ಹೇಳಿದ್ದ ಕತೀನ ಚಲೋ ಇತ್ತು ಬಿಡಪಾ," ಎಂದು ನಾನಪ್ಪನೇ ಮೆಲ್ಲಗೆ ಹೇಳಿದ.

"ಈಗ ಅಂತಿ. ಅವತ್ತ ಚಪ್ಪಲಿ ತೂರಿದಾಂವ ಯಾರು?"

ನಾನಪ್ಪ ಬೀಡಿ ಕೆಳಗೆ ಹಾಕಿ ತುಳಿದ. ಗಂಗೀಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಕಣ್ಣು ಮಾತ್ರ ದೂರದಲ್ಲಿ ಒಬ್ಬನೇ ನಿಂತಿದ್ದ ಬಿಳಿ ಅಂಗಿಯ ಮೇಲಿತ್ತು.

*

ಎರಡನೆಯ ಭಾಗ ವಾಸ್ಕೋದ ಥೇಟರಿಗೆ ಬಂದದ್ದು ತೊಂಬತ್ನಾಲ್ಕರಲ್ಲಿ, ಹಿಂದಿಯ ಮಾತು ಹಚ್ಚಿಕೊಂಡು. ಕೇಶಪ್ಪ ಲಾರಿ ಮಾಡಿದ. ಸಡಾದ ಅರ್ಧ ಓಣಿ ಹತ್ತಿತು. ಗಂಗೀಬಾಯಿ ಥೇಟರಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ತಲೆಗೆ ಅಬ್ಬಲಿಗೆ ಮುಡಿದಿದ್ದಳು. "ಲೋಕಪ್ಪನ ಹೇಂತಿಗೆ ನಡೂ ಸೀಟ ಬಿಡ್ರಿ," ಎಂದು ಜನ ಅವಳಿಗೆ ಜಾಗ ಮಾಡಿಕೊಟ್ಟಿದ್ದರು.

ಹಿಂದಿ ಎಲ್ಲರಿಗೂ ತಿಳಿಯುತ್ತಿತ್ತು. ಅದೇ ಕುತ್ತಾಯಿತು.

ತೆರೆಯ ಮೇಲೆ ಧರ್ಮಣ್ಣ ಕೆಂಚಪ್ಪನನ್ನು ಹುಡುಕಿಕೊಂಡು ಹೋದ. ಸೇಡಿನ ಗಳಿಗೆ ಬಂತೆಂದು ಜನ ಸೀಟಿನ ಮೇಲೆ ಎದ್ದು ನಿಂತರು. ಹೋದವನು ಅವನನ್ನು ಅಪ್ಪಿಕೊಂಡ. ಹಗ್ಗ ಕೊಯ್ಯೆಂದು ಸನ್ನೆ ಮಾಡಿದ್ದೇ ತಾನಂತೆ, ವೈರಿಗಳ ಕಣ್ಣಿಗೆ ಮಣ್ಣೆರಚಲು. ಇಬ್ಬರೂ ನಗುತ್ತ ವಿಮಾನ ಹತ್ತಿದರು.

ಹೊರಗೆ ಬಂದ ಮೇಲೆ ಅಂಗಳದಲ್ಲಿ ಎರಡು ಪಂಗಡವಾಯಿತು.

"ಇಷ್ಟ ವರ್ಷ ಕಾದಿದ್ದು ಇವರ ಅಪ್ಪಿಕೊಳ್ಳೂದು ನೋಡಾಕೇನ? ಕಂಪನಿಯವರು ಕತಿ ಕೆಡಿಸ್ಯಾರ!"

"ಕಂಪನಿಯವರ ಕತಿ ಅವರಿಗೆ ಗೊತ್ತಿರೂದಿಲ್ಲೇನ? ಲೋಕ್ಯಾ ನಮಗ ಸುಳ್ಳ ಹೇಳ್ಯಾನ!"

"ಯಾರ ಶೆಡ್ಡಿನ್ಯಾಗ ಹೇಳಿದ್ದು? ಕೇಶ್ಯಾಗ ಗೊತ್ತಿರಲಿಲ್ಲೇನ?"

ಜನ ತನ್ನ ಕಡೆ ತಿರುಗಿದ್ದು ಕಂಡು ಕೇಶಪ್ಪ ಲೋಕಪ್ಪನ ಕೊರಳಪಟ್ಟಿ ಹಿಡಿದು ಎಳೆದು, ಅಂಗಳದ ಗಿಡ್ಡ ಗೋಡೆಯ ಮೇಲೆ ನಿಲ್ಲಿಸಿದ. "ನನ್ನ ಯಾಕ ಕೇಳ್ತೀರಿ? ಇವನ್ನ ಕೇಳ್ರಿ. ಹೇಳಲೇ, ನೀ ಹೇಳಿದ್ದ ಸುಳ್ಳೋ ಖರೇನೋ?"

ಲೋಕಪ್ಪ ಗೆಳೆಯನ ಮುಖ ನೋಡಿದ. ತುಟಿ ಅಲ್ಲಾಡಿತು.

"ಜೋರಾಗಿ ಹೇಳು! ಮಂದಿಗೆ ಕೇಳ್ಬೇಕು!"

"ನಾ ಹೇಳಿದ್ದ ಸುಳ್ಳು," ಎಂದ ಲೋಕಪ್ಪ.

ಒಂದು ಚಪ್ಪಲಿ ಹಾರಿ ಬಂತು. ಗಂಗೀಬಾಯಿ ಹೂವು ಕಿತ್ತು ಉಡಿಯಲ್ಲಿ ಹಾಕಿಕೊಂಡು ಗಂಡನ ಕೈಹಿಡಿದು ಇಳಿಸಿದಳು. ಲಾರಿ ಹತ್ತಲಿಲ್ಲ. ಸಡಾದ ತನಕ ನಡೆದರು.

ಮುಂದಿನ ಶ್ರಾವಣದಲ್ಲಿ ಪರಮೇಶಪ್ಪ ಪದ್ಯ ಓದಿ, ರಾಗ ಇಳಿಸಿ, ಕಾಯ್ದ. ಲೋಕಪ್ಪ ಕಂಬದ ಹಿಂದೆ ತಲೆ ತಗ್ಗಿಸಿ ಕೂತಿದ್ದ.

"ಅರ್ಥ ಹೇಳಪಾ, ಲೋಕಪ್ಪ."

"ಸುಳ್ಳ ಅಂತ ಒಪ್ಪಿದ ಬಾಯಿರಿ ಇದು. ದೇವರ ಮಾತಿಗೆ ಹಚ್ಚಬಾರದು."

ಅಂದಿನಿಂದ ಮನೆಯಲ್ಲೂ ಅವನ ಮಾತು ಊಟ, ನೀರು, ಕೆಲಸ ಇಷ್ಟಕ್ಕೇ ಇಳಿಯಿತು. ಗಂಗೀಬಾಯಿ ರೊಟ್ಟಿ ಬಡಿಯುತ್ತ, "ಧರ್ಮಣ್ಣ ಮುಂದ ಏನ ಮಾಡಿದ?" ಎಂದು ಕೆಣಕುತ್ತಿದ್ದಳು. ಅವನು ಎದ್ದು ಹೊರಗೆ ಹೋಗುತ್ತಿದ್ದ. ನಾಲ್ಕು ವರ್ಷ ಹಾಗೆಯೇ ಕಳೆಯಿತು. ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವನು ಏಳಲಿಲ್ಲ.

*

ಕುಣಿ ತೋಡಿ ಆಗಿತ್ತು. ಹೆಣ ಇಳಿಸಿದರು. ಪರಮೇಶಪ್ಪ ತಲೆಯ ವಸ್ತ್ರ ಬಿಗಿದು, ಶರೀರ ಬಿಟ್ಟು ಹೋಗುವ ಜೀವದ ಪದ್ಯವನ್ನು ಎತ್ತಿದ. ಮುದುಕನ ಕಂಠ ಇನ್ನೂ ಗಟ್ಟಿಯಿತ್ತು. ಕಡೆಯ ಸಾಲನ್ನು ಎರಡು ಸಲ ಹಾಡಿ, ರಾಗ ಇಳಿಸಿ, ರೂಢಿಯಂತೆ ನಿಲ್ಲಿಸಿದ.

ಅರ್ಥ ಹೇಳುವವನು ಕುಣಿಯೊಳಗಿದ್ದ.

ಗಂಗೀಬಾಯಿ ಮೊದಲ ಹಿಡಿ ಮಣ್ಣು ಹಾಕಿದಳು. ಉಳಿದವರು ಬಗ್ಗಿ ಹಿಡಿ ತುಂಬಿಕೊಂಡರು. ಕೇಶಪ್ಪನೂ ಬಗ್ಗಿದ. ಸತ್ತವರ ಹೆಸರಿನಲ್ಲಿ ಹಿಡಿದ ಮಣ್ಣು ಕುಣಿಗೇ ಬೀಳಬೇಕು, ಬೇರೆಡೆ ಚೆಲ್ಲಬಾರದು. ಹಿಂದೂ ಇರಲಿ, ಮುಸಲ್ಮಾನ ಇರಲಿ, ಅವರ ಸೀಮೆಯಲ್ಲಿ ಅದು ಎಲ್ಲರ ನಡೆ. ಕೇಶಪ್ಪನ ಕೈ ತುಂಬುವವರೆಗೆ ಗಂಗೀಬಾಯಿ ಕಾಯ್ದಳು.

"ಕೇಶಪ್ಪ. ಅರ್ಥ ಹೇಳು."

"ನಾ... ನಾ ಏನ ಪುರಾಣ ಹೇಳಾಂವೇನವಾ?"

"ಪುರಾಣದ್ದಲ್ಲ. ಪಿಕ್ಚರದ್ದು. ನನ್ನ ಗಂಡ ಹೇಳತಿದ್ದನಲ್ಲ, ಆ ಎರಡನೇ ಭಾಗ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಪರಮೇಶಪ್ಪ ಮುಂದೆ ಬಂದ. "ಯವ್ವಾ, ಕುಣಿ ಮುಂದ ಇದೆಲ್ಲಾ ಯಾಕ? ಪಿಕ್ಚರದಾಗ ಅವರೂ ಕಡೀಕ ಅಪ್ಪಿಕೊಂಡ್ರಂತಲ್ಲ. ನೀನೂ ಬಿಟ್ಟಬಿಡು."

"ಅದು ಕಂಪನಿಯವರ ಕತಿ, ಮಾವಾ. ನಾ ನನ್ನ ಗಂಡನ ಕತಿ ಕೇಳಿದಾಕಿ." ಅವಳು ಕೇಶಪ್ಪನ ಕಡೆ ತಿರುಗಿದಳು. "ಅವತ್ತ ಅವನ ಬಾಯಿಲೆ ಸುಳ್ಳ ಅನಿಸಿದಿ. ಇವತ್ತ ನಿನ್ನ ಬಾಯಿಲೆ ಹೇಳಿಸ್ತೇನಿ. ಹೇಳು."

ಕೇಶಪ್ಪ ಸುತ್ತ ನೋಡಿದ. ಬಿಡಿಸಲು ಯಾರೂ ಬರಲಿಲ್ಲ.

"ಧರ್ಮಣ್ಣ... ಬಂಡಿಗಲ್ಲ ಹಿಡಕೊಂಡ ಮ್ಯಾಲೆ ಬಂದ. ಅಡಿವ್ಯಾಗ ಹೋದ..."

"ಅಡಿವ್ಯಾಗ ಅಲ್ಲಲೇ," ಎಂದ ಮೈಬೂಬಸಾಬ. "ಮೊದಲ ಬೇಡರ ಮುದುಕಿ ಗುಡಿಸಲದಾಗ ಗಂಜಿ ಕುಡಿದ."

"ಹೌದು, ಮುದುಕಿ," ಎಂದ ನಾನಪ್ಪ. "ಮುದುಕಿ ಅಂವಗ ಚೂರಿ ಕೊಟ್ಟಳು."

"ಹೂಂ, ಚೂರಿ ಕೊಟ್ಟಳು. ಆಮ್ಯಾಲೆ ಕೆಂಚಪ್ಪ ಸಿಕ್ಕ."

"ಜೋರಾಗಿ ಹೇಳು," ಎಂದಳು ಗಂಗೀಬಾಯಿ. "ಮಂದಿಗೆ ಕೇಳ್ಬೇಕು."

ಕೇಶಪ್ಪನ ಹಣೆಯಲ್ಲಿ ಬೆವರೊಡೆಯಿತು. ಧ್ವನಿ ಏರಿಸಿದ. "ಕೆಂಚಪ್ಪ ಸಿಕ್ಕ! ಧರ್ಮಣ್ಣ ಅವನ್ನ ಹೊಡೀಲಿಲ್ಲ. ಬೈಲಿಲ್ಲ. ಅದ ಹೊಳಿಗೆ ಕರಕೊಂಡ ಬಂದ. ಹಗ್ಗ ಕಟ್ಟಿದ. ದಾಟು ಅಂದ. ಕೆಂಚಪ್ಪ ಹಗ್ಗದ ಮ್ಯಾಲೆ ಹೋದ. ಧರ್ಮಣ್ಣ ಚೂರಿ ಹಿಡಕೊಂಡ ದಂಡಿ ಮ್ಯಾಲೆ ಕುಂತ."

"ಕೊಯ್ದನೇನ?" ಎಂದು ಗಂಗೀಬಾಯಿ ಕೇಳಿದಳು.

"ಇಲ್ಲ."

"ಮತ್ತ?"

ಕೇಶಪ್ಪನ ಕಣ್ಣು ಕುಣಿಯ ಕಡೆ ಹೋಯಿತು, ಅಲ್ಲಿಂದ ಸರಿಯಲಿಲ್ಲ. "ಕೊಯ್ಯಾಂಗಿಲ್ಲಂತನೂ ಅನ್ನಲಿಲ್ಲ. ಸುಮ್ಮನ ಕುಂತ. ಕೆಂಚಪ್ಪ ಒಂದ ಹೆಜ್ಜಿ ಇಡೂದು, ಹೊಳ್ಳಿ ನೋಡೂದು. ಹೆಜ್ಜಿ ಇಡೂದು, ಹೊಳ್ಳಿ ನೋಡೂದು... ಇನ್ನೂ ಹಗ್ಗದ ಮ್ಯಾಲೇ ಅದಾನ."

"ಶಬಾಶ್," ಎಂದು ಗುಂಪಿನಲ್ಲಿ ಯಾರದೋ ಬಾಯಿಂದ ಹೊರಟೇ ಹೋಯಿತು. ಥಾವರಿಬಾಯಿ ಬಾಯಿಗೆ ಸೆರಗು ಹಚ್ಚಿಕೊಂಡಳು.

ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ನಾನಪ್ಪನೂ ಕೊಟ್ಟ. ಗಂಗೀಬಾಯಿ ಅವನನ್ನು ತಡೆಯಲಿಲ್ಲ. ಎಲ್ಲರ ಕೊನೆಗೆ ಕೇಶಪ್ಪ ಕೈ ಮುಂದೆ ಚಾಚಿದ. ಅವಳನ್ನು ನೋಡಿದ.

"ಹೇಳಿದೆನಲ್ಲವಾ. ಹಾಕ್ಲೇನ?"

"ನಾ ಹೂಂ ಅನ್ನಾಂಗಿಲ್ಲ. ಊಂಹೂಂ ಅನ್ನಾಂಗಿಲ್ಲ. ಅಂವನ್ನ ಕೇಳು. ಅಂವ ಹೂಂ ಅಂದ್ರ ಹಾಕು."

ಕೇಶಪ್ಪ ಕುಣಿಯತ್ತ ಬಗ್ಗಿದ. ಕುಣಿಯಲ್ಲಿ ಮುಖದ ಮೇಲಿನ ಬಟ್ಟೆ ಮಣ್ಣಿನಡಿ ಅರ್ಧ ಮುಚ್ಚಿತ್ತು. ಮೈಬೂಬಸಾಬ ಸಲಿಕೆ ಹಿಡಿದು ಮಣ್ಣು ಎಳೆಯತೊಡಗಿದ. ಮತ್ತಿಬ್ಬರು ಕೂಡಿಕೊಂಡರು. ಕುಣಿ ತುಂಬಿತು, ದಿಬ್ಬವಾಯಿತು, ದಿಬ್ಬದ ಮೇಲೆ ನೀರು ಹೊಯ್ದು ತಟ್ಟಿದರು. ಕೇಶಪ್ಪನ ಮುಷ್ಟಿ ಚಾಚಿದ್ದು ಚಾಚಿದಂತೆಯೇ ಇತ್ತು.

ಜನ ನಳದ ಹತ್ತಿರ ಕೈಕಾಲು ತೊಳೆದುಕೊಂಡು ಗುಡ್ಡ ಏರಿದರು. ಗಂಗೀಬಾಯಿ ಹಿಂತಿರುಗಿ ನೋಡಲಿಲ್ಲ.

ಕೇಶಪ್ಪ ರಸ್ತೆಗೆ ಬಂದ. ಹುಣಸೆಗಿಡದ ಕೆಳಗೆ, ಬೆಳಗ್ಗೆ ಗುಡ್ಡ ಹತ್ತುವ ಮೊದಲು ನಿಲ್ಲಿಸಿ ಹೋಗಿದ್ದ ಅವನ ಲೂನಾ ಇತ್ತು. ಎಡಗೈಯಿಂದ ಸ್ಟ್ಯಾಂಡು ತೆಗೆದು ಏರಿ ಕೂತ. ಗಾಡಿ ಓಡಿಸಲು ತಿರುವಬೇಕಾದದ್ದು ಬಲಗೈ. ಮುಷ್ಟಿಯನ್ನು ಹಿಡಿಕೆಯ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ವಾಸ್ಕೋ ಬಸ್ಸೊಂದು ಹಾರ್ನು ಹೊಡೆಯುತ್ತ ಅವನನ್ನು ದಾಟಿ ಹೋಯಿತು. ಆಮೇಲೆ ಅವನು ಇಳಿದು, ಎಡಗೈಯೊಂದರಿಂದಲೇ ಗಾಡಿ ಹಿಡಿದು, ಇಳಿಜಾರಿನಲ್ಲಿ ತಳ್ಳಿಕೊಂಡು ನಡೆದ. ಬೆವರಿಗೆ ಕರಗಿದ ಕೆಂಪು ಮಣ್ಣು ಬೆರಳ ಸಂದಿಯಿಂದ ಇಳಿದು, ಬಿಳಿ ಅಂಗಿಯ ತೋಳಿನೊಳಕ್ಕೆ ಹರಿಯುತ್ತಿತ್ತು. ಅದು ನೆಲಕ್ಕೆ ಬೀಳದಂತೆ ಅವನು ಮುಷ್ಟಿಯನ್ನು ಮೇಲೆತ್ತಿ ಹಿಡಿದಿದ್ದ.